ಹಲ್ಲಿನ ತಿರುಳು: ಶಾಖಾಘಾತ ಮತ್ತು ರಕ್ಷಣೆ

ಹಲ್ಲಿನ ಒಳಪೊಳ್ಳಿನಲ್ಲಿರುವ ಮೆತ್ತನೆಯ ಜೀವಂತ ಭಾಗವೇ ತಿರುಳು ಅಥವಾ ದಂತಮಜ್ಜೆ. ರಕ್ತನಾಳ, ನರ, ಕಾಂಡಕೋಶಗಳೆಲ್ಲ ಇದರಲ್ಲಿವೆ. ಅಂಚಿನಲ್ಲಿ, ತಿರುಳಿನ ಸುತ್ತಲಿನ ಗಟ್ಟಿ ಪದರವಾದ ಡೆಂಟಿನ್ ಕಟ್ಟುವ ಓಡಾಂಟೋಬ್ಲಾಸ್ಟ್ ಕೋಶಗಳು ಸಾಲುಗಟ್ಟಿವೆ. ಸುತ್ತ ಗಟ್ಟಿ ಗೋಡೆ ಇರುವುದರಿಂದ ಬಾವು ಬಂದರೆ ತಿರುಳಿಗೆ ಹಿಗ್ಗಲು ಜಾಗವಿಲ್ಲ.

ಬೆಂಗಳೂರಿನ ಪಟ್ಟಂದೂರು ಅಗ್ರಹಾರದ ಐಟಿಪಿಎಲ್ ಟೆಕ್ ಪಾರ್ಕ್ ಸುತ್ತ ನಿಂತು ಹಬೆಯಾಡುವ ಕಾಫಿ ಕುಡಿಯುವವರು ತಿರುಳಿಗೆ ಬಿಸಿ ತಾಗೀತೆಂದು ಅಂಜಬೇಕಿಲ್ಲ. ಗುಟುಕು ಬಾಯಲ್ಲಿ ನಿಲ್ಲುವುದು ಕ್ಷಣ ಮಾತ್ರ. ಡೆಂಟಿನ್ ಶಾಖವನ್ನು ಸುಲಭವಾಗಿ ದಾಟಿಸದು, ದಾಟಿದ್ದನ್ನು ಹರಿಯುವ ರಕ್ತ ಹೊತ್ತೊಯ್ಯುತ್ತದೆ. ಅಪಾಯವಿರುವುದು ಚಿಕಿತ್ಸೆಯ ಕುರ್ಚಿಯಲ್ಲಿ. 1957ರಲ್ಲಿ ಬಳಕೆಗೆ ಬಂದ, ಹಲ್ಲು ಕೊರೆಯುವ ಏರೋಟರ್ ಯಂತ್ರ ನಿಮಿಷಕ್ಕೆ ಲಕ್ಷಗಟ್ಟಲೆ ಸುತ್ತು ತಿರುಗುತ್ತದೆ; ಆ ತಿಕ್ಕಾಟಕ್ಕೆ ಹಲ್ಲು ಬಿಸಿಯೇರುತ್ತದೆ. ಕೊರೆಯುವಾಗ ಬಾಯಿ ತುಂಬುವ ತುಂತುರು ನೀರು ರೋಗಿಗೆ ಕಿರಿಕಿರಿ ಎನಿಸಿದರೂ ತಿರುಳಿನ ಜೀವ ಉಳಿಸುವುದು ಅದೇ. ವೈಟ್‌ಫೀಲ್ಡ್‌ನ ವೈದೇಹಿಯಂಥ ದಂತ ವೈದ್ಯಕೀಯ ಕಾಲೇಜುಗಳಲ್ಲಿ ಕಲಿಯುವವರಿಗೆ ಇದು ಮೊದಲ ಪಾಠಗಳಲ್ಲೊಂದು.

1965ರಲ್ಲಿ ಜ್ಯಾಕ್ ಮತ್ತು ಕೋಹೆನ್ ರೀಸಸ್ ಕೋತಿಗಳಲ್ಲಿ ನಡೆಸಿದ ಪ್ರಯೋಗದಲ್ಲಿ ತಿರುಳಿನ ಉಷ್ಣತೆ 5.5 ಡಿಗ್ರಿ ಸೆಲ್ಸಿಯಸ್ ಏರಿದಾಗ ಶೇ 15ರಷ್ಟು, 11 ಡಿಗ್ರಿ ಏರಿದಾಗ ಶೇ 60ರಷ್ಟು ಹಲ್ಲುಗಳ ತಿರುಳು ಚೇತರಿಸಿಕೊಳ್ಳಲಿಲ್ಲ. ಮನುಷ್ಯರಲ್ಲಿ ಆಮೇಲೆ ನಡೆದ ಅಧ್ಯಯನ ತಿರುಳು ಇದಕ್ಕಿಂತ ಗಟ್ಟಿ ಎಂದಿದೆ. ಆದರೂ 5.5ರ ಮಿತಿ ಪಾಲಿಸುವುದೇ ಕ್ಷೇಮ.

ಬಿಸಿ ಏರಿದರೆ ಕೋಶದ ಪ್ರೋಟೀನುಗಳು ಮಡಿಕೆ ಬಿಚ್ಚಿಕೊಂಡು ಒಂದಕ್ಕೊಂದು ಅಂಟತೊಡಗುತ್ತವೆ. ಮಾಮೂಲಿಯಾಗಿ ಶಾಖಾಘಾತ ಪ್ರೋಟೀನುಗಳ (ಎಚ್‌ಎಸ್‌ಪಿ) ಹಿಡಿತದಲ್ಲಿ ಸುಮ್ಮನಿರುವ ಎಚ್‌ಎಸ್‌ಎಫ್-1 ಎಂಬ ಪ್ರೋಟೀನು ಆಗ ಬಿಡುಗಡೆಯಾಗಿ, ಮೂರು ಮೂರು ಒಂದುಗೂಡಿ, ಕೋಶಕೇಂದ್ರದ ಡಿಎನ್‌ಎಗೆ ಅಂಟಿ, ಅದೇ ಶಾಖಾಘಾತ ಪ್ರೋಟೀನುಗಳು ಇನ್ನಷ್ಟು ತಯಾರಾಗುವಂತೆ ಮಾಡುತ್ತದೆ. ಅವುಗಳಲ್ಲಿ ಎಚ್‌ಎಸ್‌ಪಿ-70 ಕೆಟ್ಟ ಮಡಿಕೆಯನ್ನು ಸರಿಪಡಿಸುತ್ತದೆ; ಎಚ್‌ಎಸ್‌ಪಿ-27 ಕೋಶದ ಹಂದರವನ್ನು ಕಾಯುತ್ತ, ಕೋಶ ತಾನೇ ಸಾಯಲು ಹೊರಡುವುದನ್ನು ತಡೆಯುತ್ತದೆ. ಶಾಖಕ್ಕೆ ಜೀವಕೋಶ ಹೀಗೆ ಸ್ಪಂದಿಸುವುದನ್ನು ಇಟಲಿಯ ಫೆರುಚಿಯೊ ರಿಟೋಸಾ ಹಣ್ಣಿನ ನೊಣದಲ್ಲಿ ಕಂಡು 1962ರಲ್ಲಿ ಪ್ರಕಟಿಸಿದ. ಓಡಾಂಟೋಬ್ಲಾಸ್ಟ್‌ಗಳೇ ಸತ್ತರೂ ತಿರುಳಿನ ಕಾಂಡಕೋಶಗಳು ಆ ಜಾಗಕ್ಕೆ ಬಂದು ಹೊಸ ಡೆಂಟಿನ್ ಕಟ್ಟಬಲ್ಲವು.

ಈ ರಕ್ಷಣೆಗೂ ಮಿತಿಯಿದೆ. ಬಿಸಿ ಕಾಫಿ ತಾಗಿ ಎದ್ದ ನೋವು ಗುಟುಕು ಇಳಿದ ಮೇಲೂ ನಿಮಿಷಗಟ್ಟಲೆ ಉಳಿದರೆ ತಿರುಳು ಸೋಲುತ್ತಿದೆ ಎಂದು ತಿಳಿದು ದಂತವೈದ್ಯರಲ್ಲಿಗೆ ಬೇಗ ಹೋಗಬೇಕು.