ಹೇಳಬಾರದ ಒಂಬತ್ತು ಸಂಗತಿಗಳು: ಬನಾರಸೀದಾಸನ ‘ಅರ್ಧಕಥಾನಕ’ವನ್ನು ಕುರಿತು

ನಮ್ಮ ಪ್ರಾಚೀನರು ಸ್ವಂತ ಬದುಕಿನ ವಿಷಯದಲ್ಲಿ ಮೌನಿಗಳಾಗಿದ್ದರು, ಆತ್ಮಚರಿತ್ರೆಯು ಪಾಶ್ಚಾತ್ಯ ಸಂಪರ್ಕದ ಫಲ ಎಂಬ ಅಭಿಪ್ರಾಯವು ವಿದ್ವದ್ವಲಯದಲ್ಲಿ ಬಹುಮಟ್ಟಿಗೆ ರೂಢಮೂಲವಾಗಿದೆ. ಕನ್ನಡದ ಮಟ್ಟಿಗೂ ಈ ಮಾತು ಪೂರ್ಣ ಸತ್ಯವಲ್ಲ. ಪಂಪನ ಹುಟ್ಟಿನ ವರ್ಷ 902 ಎಂದು ನಿರ್ಧರಿಸಲು ಅವನ ಮಾತೇ ಆಧಾರ. ರನ್ನನು 993ರಲ್ಲಿ ಪೂರೈಸಿದ ‘ಅಜಿತಪುರಾಣ’ದಲ್ಲಿ ತಾನು ಬಳೆಗಾರರ ಕುಲದವನೆಂಬುದನ್ನೂ, ತಾಯಿತಂದೆಯರ, ಮಡದಿಮಕ್ಕಳ ಹೆಸರುಗಳನ್ನೂ ತಿಳಿಸಿದ್ದಾನೆ. ಆದರೆ ಇವು ಕಾವ್ಯಕ್ಕೆ ಹೊಂದಿಕೊಂಡು ಬರುವ ಪ್ರಶಸ್ತಿಗಳು. ಅತ್ತಿಮಬ್ಬೆಯಂತಹ ಆಶ್ರಯದಾತರ ಸನ್ನಿಧಿಯಲ್ಲಿ ಆಡಿದ ಮಾತುಗಳು. ಇಲ್ಲಿ ಕವಿಯು ಏರಿದ ಎತ್ತರ ಕಾಣುತ್ತದೆ, ಎಡವಿದ ಹೆಜ್ಜೆ ಕಾಣುವುದಿಲ್ಲ.

ಎಡವಿದ ಹೆಜ್ಜೆಗಳನ್ನೂ ಲೆಕ್ಕಕ್ಕೆ ಹಿಡಿದ ಕೃತಿಯೊಂದು 1641ರಲ್ಲಿ ಆಗ್ರಾದಲ್ಲಿ ರಚಿತವಾಯಿತು. ಅದರ ಕರ್ತೃ ಬನಾರಸೀದಾಸ, 1586ರಲ್ಲಿ ಜೌನಪುರದಲ್ಲಿ ಜನಿಸಿದ ಶ್ರೀಮಾಲ ಜೈನ ವರ್ತಕ. ಮನುಷ್ಯನ ಪೂರ್ಣಾಯುಷ್ಯ 110 ವರ್ಷವೆಂದು ಎಣಿಸಿ, ಕಳೆದ 55 ವರ್ಷಗಳ ವೃತ್ತಾಂತಕ್ಕೆ ಆತ ‘ಅರ್ಧಕಥಾನಕ’ವೆಂದು ಹೆಸರಿಟ್ಟ. ವ್ರಜಭಾಷೆಗೆ ಸಮೀಪವಾದ ಆಡುನುಡಿಯಲ್ಲಿರುವ ಈ ಕೃತಿಯ ಪದ್ಯಗಳ ಸಂಖ್ಯೆ 675. ಇದಕ್ಕೆ ರಾಜಾಶ್ರಯವಿಲ್ಲ, ಸ್ತುತಿಸಬೇಕಾದ ದಾತಾರನೂ ಇಲ್ಲ.

ಆಯಸ್ಸು, ಹಣ, ಮನೆಯ ವಿಚಾರ, ದಾನ, ಮಾನ, ಅಪಮಾನ, ಔಷಧ, ಕಾಮ, ಮಂತ್ರ ಎಂಬ ಒಂಬತ್ತನ್ನು ಹೊರಗೆ ಹೇಳಬಾರದೆಂಬ ಲೋಕನೀತಿಯನ್ನು ಬನಾರಸೀದಾಸನೇ ಕೃತಿಯಲ್ಲಿ ಸ್ಮರಿಸುತ್ತಾನೆ. ಸ್ವಾರಸ್ಯವೆಂದರೆ, ಆ ನೀತಿಯನ್ನು ಬಹುಪಾಲು ಮುರಿದವನೂ ಅವನೇ. ವಯಸ್ಸನ್ನು ಶೀರ್ಷಿಕೆಯಲ್ಲಿಯೇ ಹೇಳಿಬಿಟ್ಟಿದ್ದಾನೆ. ಯೌವನದ ವಿಷಯಾಸಕ್ತಿಯನ್ನು ಮುಚ್ಚಿಟ್ಟಿಲ್ಲ. ಅತ್ತೆಯ ಮನೆಯಲ್ಲಿದ್ದಾಗ ಮೈಯೆಲ್ಲ ಹುಣ್ಣಾಗಿ, ಕ್ಷೌರಿಕನೊಬ್ಬನ ಮದ್ದಿನಿಂದ ಗುಣಮುಖನಾದುದನ್ನು ವರ್ಣಿಸುತ್ತಾನೆ. ದಿನಕ್ಕೊಂದು ಚಿನ್ನದ ನಾಣ್ಯ ದೊರೆಯುವುದೆಂದು ಸನ್ಯಾಸಿಯೊಬ್ಬ ನಂಬಿಸಿದಾಗ, ವರ್ಷವಿಡೀ ಮಂತ್ರ ಜಪಿಸಿ ಮೋಸಹೋದುದನ್ನು ಒಪ್ಪಿಕೊಳ್ಳುತ್ತಾನೆ. ವ್ಯಾಪಾರದಲ್ಲಿ ಬರಿಗೈಯಾಗಿ ಬಂದಾಗ ಪತ್ನಿ ತಾನು ಕೂಡಿಟ್ಟಿದ್ದ 20 ರೂಪಾಯಿಯನ್ನೂ, ಅವಳ ತಾಯಿ ಗುಟ್ಟಾಗಿ 200 ರೂಪಾಯಿಯನ್ನೂ ಕೊಟ್ಟ ಸಂಗತಿಯಂತೂ ಹಣ, ಮನೆ, ಅಪಮಾನ ಮೂರನ್ನೂ ಒಮ್ಮೆಗೇ ಬಯಲಿಗಿಡುತ್ತದೆ.

ಚರಿತ್ರಕಾರನಿಗೆ ಕೃತಿಯ ಬೆಲೆ ಇರುವುದು ಮೌನ ಮುರಿದ ಇಂತಹ ಎಡೆಗಳಲ್ಲಿಯೇ. 1605ರಲ್ಲಿ ಅಕ್ಬರನು ಮಡಿದುದನ್ನು ರಾಜವೃತ್ತಾಂತಗಳು ದಾಖಲಿಸಿವೆ. ಆದರೆ ಆ ಸುದ್ದಿ ತಲುಪಿದಾಗ ಜೌನಪುರದ ಜನ ಬಾಗಿಲು ಭದ್ರಪಡಿಸಿ ಒಡವೆಗಳನ್ನು ಬಚ್ಚಿಟ್ಟುದನ್ನೂ, ಆಗ್ರಾದಿಂದ ಓಲೆ ಬಂದು ಜಹಾಂಗೀರನ ಪಟ್ಟಾಭಿಷೇಕ ತಿಳಿಯುವವರೆಗೆ ನಗರವು ತಲ್ಲಣಿಸಿದುದನ್ನೂ ನಾವು ಅರಿಯುವುದು ಈ ವರ್ತಕನಿಂದ. ಮೆಟ್ಟಿಲ ಮೇಲೆ ಕುಳಿತಿದ್ದ ಆತ ಸುದ್ದಿ ಕೇಳಿ ಉರುಳಿ ಬಿದ್ದು ತಲೆಯೊಡೆದುಕೊಂಡ; ತಾಯಿ ಬಟ್ಟೆ ಸುಟ್ಟು ಗಾಯಕ್ಕೆ ಹಚ್ಚಿದಳು. ಪ್ರಭುತ್ವದ ಪಲ್ಲಟವು ಸಾಮಾನ್ಯನ ಮನೆಯಂಗಳದಲ್ಲಿ ಹೇಗೆ ಅನುಭವಕ್ಕೆ ಬಂತೆಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ವಿರಳ.

ಆದಾಗ್ಯೂ ಈ ಸಾಕ್ಷ್ಯವನ್ನು ಎಚ್ಚರದಿಂದ ಬಳಸಬೇಕು. ತಾರುಣ್ಯದಲ್ಲಿ ಬರೆದ ಶೃಂಗಾರಪ್ರಧಾನವಾದ ‘ನವರಸ’ ಕಾವ್ಯವನ್ನು ಬನಾರಸೀದಾಸನು ಗೋಮತಿ ನದಿಗೆ ಎಸೆದುಬಿಟ್ಟ. ಮುಂದೆ ಅಧ್ಯಾತ್ಮಪಂಥದತ್ತ ಒಲಿದು 1636ರಲ್ಲಿ ‘ಸಮಯಸಾರ ನಾಟಕ’ವನ್ನು ರಚಿಸಿದ. ಅದರ ಮೂಲವಾದ ‘ಸಮಯಸಾರ’ದ ಕರ್ತೃ ಕುಂದಕುಂದಾಚಾರ್ಯರೇ ಶ್ರವಣಬೆಳಗೊಳದ ಶಾಸನಗಳು ಸ್ತುತಿಸುವ ಕೊಂಡಕುಂದರು. ಕಥೆ ನಡೆದುದು ಹುಂಬ ತರುಣನಿಗೆ. ಹೇಳಿದವನು ಅವರ ಗ್ರಂಥದಿಂದ ಪರಿಪಕ್ವನಾದ ಪ್ರೌಢ. ತನ್ನ ದಡ್ಡತನವನ್ನು ನಗುತ್ತ ಹೇಳುವ ಧ್ವನಿಯು ಆ ಪ್ರೌಢನದು. ಘಟನೆಯ ಕಾಲ, ನಿರೂಪಣೆಯ ಕಾಲ ಎರಡನ್ನೂ ಬೇರ್ಪಡಿಸಿ ಓದದಿದ್ದರೆ ಪಶ್ಚಾತ್ತಾಪವನ್ನೇ ಘಟನೆಯೆಂದು ಭ್ರಮಿಸುವ ಅಪಾಯವಿದೆ.

ಆ ನಗೆಯೂ ನಿಂತುಹೋಗುವ ಒಂದು ಎಡೆಯಿದೆ. ಮೂರು ಮದುವೆ, ಏಳು ಗಂಡು ಮತ್ತು ಎರಡು ಹೆಣ್ಣು ಮಕ್ಕಳು. ಒಂಬತ್ತೂ ಮಕ್ಕಳು ತೀರಿಹೋಗಿ ಗಂಡಹೆಂಡಿರಿಬ್ಬರೇ ಉಳಿದುದನ್ನು ಆತ ವರ್ತಕನ ಖಾತೆಯ ಬಾಕಿಯಂತೆ ಎಣಿಸಿ ಹೇಳುತ್ತಾನೆ. ಅನಂತರ ತನ್ನ ಗುಣಗಳನ್ನೂ ದೋಷಗಳನ್ನೂ ಪ್ರತ್ಯೇಕವಾಗಿ ಪಟ್ಟಿಮಾಡುತ್ತಾನೆ.

ರನ್ನನೂ ಬನಾರಸೀದಾಸನೂ ಜೈನರು, ವ್ಯಾಪಾರದ ಕುಲದವರು. ತಮ್ಮ ಮನೆಮಂದಿಯನ್ನು ಕಾವ್ಯದೊಳಕ್ಕೆ ತಂದವರು. ಆರು ಶತಮಾನಗಳಿಗೂ ಮಿಕ್ಕ ಅಂತರದ ಈ ಇಬ್ಬರನ್ನು ಜೊತೆಯಲ್ಲಿರಿಸಿ ಓದಿದರೆ, ದಾತಾರನ ಮುಂದೆ ಆಡುವ ಮಾತಿಗೂ ದಾತಾರನಿಲ್ಲದೆ ಆಡುವ ಮಾತಿಗೂ ಇರುವ ಭೇದ ಸ್ಪಷ್ಟವಾಗುತ್ತದೆ. ಉತ್ತರ ಭಾರತದಲ್ಲಿ ಕನ್ನಡ ಸಂಶೋಧನೆಗೆ ತೊಡಗಿರುವವರಿಗೆ ಎರಡೂ ಪರಂಪರೆಗಳು ಕೈಗೆಟುಕುವಷ್ಟು ಹತ್ತಿರದಲ್ಲಿವೆ. ಈ ತೌಲನಿಕ ಅಧ್ಯಯನವನ್ನು ಅವರು ಕೈಗೆತ್ತಿಕೊಳ್ಳುವುದು ಉಚಿತವಾಗಿದೆ.