ಏರಿಯಿಲ್ಲದ ನೀರು: ಚೆನ್ನೈನ ಕೆರೆಗಳು ಮತ್ತು ಬಡಾವಣೆಗಳು

ಕನ್ನಡದಲ್ಲಿ ‘ಏರಿ’ ಎಂದರೆ ಕೆರೆಯ ಕಟ್ಟೆ. ತಮಿಳಿನಲ್ಲಿ ಅದೇ ಶಬ್ದಕ್ಕೆ ಕೆರೆಯೆಂದೇ ಅರ್ಥ. ಚೆನ್ನೈನ ವಸತಿ ವಿಸ್ತರಣೆಯ ಚರಿತ್ರೆಯನ್ನು ಅರಿಯಲು ಈ ಅರ್ಥಭೇದವು ನೆರವಾಗುತ್ತದೆ.

ನುಂಗಂಬಾಕ್ಕಂ ಕೆರೆಯೂ ಮಾಂಬಲಂ ಬದಿಯ ‘ಲಾಂಗ್ ಟ್ಯಾಂಕ್’ ಎಂಬ ನೀಳ ಕೆರೆಯೂ ಒಂದಕ್ಕೊಂದು ಹೊಂದಿಕೊಂಡಿದ್ದವು. 1920ರ ನಗರ ಯೋಜನಾ ಕಾಯಿದೆಯ ತರುವಾಯ, ವಸತಿಯ ಅಭಾವವನ್ನು ನೀಗಲೆಂದು ಲಾಂಗ್ ಟ್ಯಾಂಕನ್ನು ಬರಿದುಮಾಡಿ ತ್ಯಾಗರಾಯನಗರವನ್ನು ನಿರ್ಮಿಸಲಾಯಿತು. ನುಂಗಂಬಾಕ್ಕಂ ಕೆರೆಯಂಗಳದಲ್ಲಿ 1976ರಲ್ಲಿ ವಳ್ಳುವರ್ ಕೋಟ್ಟಂ ಎದ್ದಿತು. ಅಲ್ಲಿ ಇಂದು ‘ಟ್ಯಾಂಕ್ ಬಂಡ್ ರಸ್ತೆ’ಯಿದೆ, ಕೆರೆಯಿಲ್ಲ. ತಮಿಳಿನ ಏರಿ ಅಳಿದು, ಕನ್ನಡದ ಏರಿ ಹೆಸರಿಗಷ್ಟೇ ಉಳಿಯಿತೆನ್ನಬಹುದು.

ನಗರದ ದಕ್ಷಿಣಕ್ಕಿರುವ ಪಳ್ಳಿಕರಣೈ ಜೌಗುಭೂಮಿಯ ಸ್ಥಿತಿ ಇನ್ನೂ ಜಟಿಲ. ಸುತ್ತಣ ಕೆರೆಗಳ ಕೋಡಿನೀರು ಇಲ್ಲಿ ಸೇರಿ, ಒಕ್ಕಿಯಂ ಮಡುವಿನ ಮೂಲಕ ಬಕಿಂಗ್‌ಹ್ಯಾಂ ಕಾಲುವೆಗೆ ಹರಿಯುತ್ತದೆ. ಕೆರೆಗೆ ಏರಿಯೇ ಎಲ್ಲೆ. ಮಳೆಗೆ ಹಿಗ್ಗಿ ಬೇಸಗೆಗೆ ಕುಗ್ಗುವ ಜೌಗಿಗೆ ಅಂಥ ಎಲ್ಲೆಯಿಲ್ಲ. ಆದುದರಿಂದಲೇ ಅದನ್ನು ಬಂಜರೆಂದು ಬಗೆಯುವುದು ಸುಲಭವಾಯಿತು. ಪೆರುಂಗುಡಿಯ ಕಸದ ರಾಶಿ, ರಸ್ತೆಗಳು, ವಸತಿ ಸಮುಚ್ಚಯಗಳು ಅದನ್ನು ಆಕ್ರಮಿಸಿದವು. 2007ರಲ್ಲಿ ಒಂದು ಭಾಗವು ಮೀಸಲು ಅರಣ್ಯವಾಯಿತು. 2015ರ ಪ್ರವಾಹದಲ್ಲಿ ಸುತ್ತಲಿನ ಬಡಾವಣೆಗಳು ಮುಳುಗಿದವು. 2022ರಲ್ಲಿ ಸುಮಾರು 1,248 ಹೆಕ್ಟೇರ್ ಪ್ರದೇಶವು ರಾಮ್ಸಾರ್ ಪಟ್ಟಿಗೆ ಸೇರಿತು.

ಬೆಳೆಯುವ ನಗರಕ್ಕೆ ಮನೆಗಳು ಬೇಕೆಂಬುದು ನಿರ್ವಿವಾದ. ಆದರೆ ಜೌಗಿನ ಎಲ್ಲೆಯನ್ನು ಬೇಸಗೆಯ ಒಣನೆಲದಿಂದಲ್ಲ, ಹಿಂಗಾರಿನ ನೀರಿನ ಹರಹಿನಿಂದ ಗುರುತಿಸಬೇಕು. ಕೋಡಿಯ ದಾರಿಯನ್ನು ತೆರವಾಗಿಟ್ಟೇ ಬಡಾವಣೆಯ ನಕ್ಷೆ ಬರೆಯಬೇಕು. ಕೆರೆಯಂಗಳದಲ್ಲಿ ಬಸ್ ನಿಲ್ದಾಣ ಕಟ್ಟಿದ ಬೆಂಗಳೂರಿಗೂ ಈ ಮಾತು ಸಲ್ಲುತ್ತದೆ.