ದೇವರ ಒಡಂಬಡಿಕೆ

ಹೀಬ್ರೂ ಧರ್ಮಗ್ರಂಥಗಳಲ್ಲಿ ದೇವರು ತಾನಾಗಿಯೇ ಮುಂದೆ ಬಂದು ಮನುಷ್ಯರೊಡನೆ ಕಟ್ಟಿಕೊಂಡ, ವಾಗ್ದಾನವೂ ವಿಧಿಯೂ ಸಾಕ್ಷಿಯೂ ಕೂಡಿದ ಸಂಬಂಧ. ಜಲಪ್ರಳಯದ ತರುವಾಯ ನೋಹನೊಡನೆ, ಬಳಿಕ ಅಬ್ರಹಾಮನೊಡನೆ, ಸೀನಾಯಿ ಬೆಟ್ಟದಲ್ಲಿ ಮೋಶೆಯ ಮುಖಾಂತರ ಇಸ್ರಾಯೇಲ್ ಜನಾಂಗದೊಡನೆ, ಕಡೆಗೆ ದಾವೀದನ ವಂಶದೊಡನೆ ಇದು ಏರ್ಪಟ್ಟಿತು.

ತುಮಕೂರು ಜಿಲ್ಲೆಯ ಹುಲಿಯೂರುದುರ್ಗ, ಕುಣಿಗಲ್ ಸೀಮೆಗಳ ದತ್ತಿಶಾಸನಗಳನ್ನು ಬಲ್ಲ ಕನ್ನಡಿಗನಿಗೆ ಈ ಕಲ್ಪನೆಯು ಅಪರಿಚಿತವೆನಿಸಲಾರದು. ಕಲ್ಲಿನ ನೆತ್ತಿಯಲ್ಲಿ ಸೂರ್ಯಚಂದ್ರರು, ನಡುವೆ ಕೊಟ್ಟ ಭೂಮಿಯ ಎಲ್ಲೆಕಟ್ಟು, ಕೊನೆಯಲ್ಲಿ ದಾನಕ್ಕೆ ಅಳುಪಿದವನಿಗೆ, ಎಂದರೆ ಅದನ್ನು ಕೆಡಿಸಿದವನಿಗೆ, ಗಂಗೆಯ ತಡಿಯಲ್ಲಿ ಕವಿಲೆಯನ್ನು (ಹಸುವನ್ನು) ಕೊಂದ ಪಾಪ: ದಾನಶಾಸನದ ಸಾಮಾನ್ಯ ಕ್ರಮವಿದು. ಯೆರೆಮೀಯ ಪ್ರವಾದಿಯೂ 89ನೆಯ ಕೀರ್ತನೆಯ ಕವಿಯೂ ದೇವರ ಮಾತಿನ ಸ್ಥೈರ್ಯಕ್ಕೆ ಆ ಸೂರ್ಯಚಂದ್ರರನ್ನೇ ಮುಂದಿಡುತ್ತಾರೆ. ಧರ್ಮೋಪದೇಶಕಾಂಡದ 28ನೆಯ ಅಧ್ಯಾಯದ ಶಾಪಗಳೋ ನಮ್ಮ ಶಾಸನಗಳ ಶಾಪಾಶಯವನ್ನು ಮೀರಿಸುವಷ್ಟು ದೀರ್ಘವಾಗಿವೆ.

ಭೇದವು ತೋರುವುದು ಆದಿಕಾಂಡದ 15ನೆಯ ಅಧ್ಯಾಯದಲ್ಲಿ. ಮೂರು ವರ್ಷದ ಕಡಸು, ಆಡು, ಟಗರುಗಳನ್ನು ಸೀಳಿ, ಹೋಳುಗಳನ್ನು ಎದುರುಬದುರಾಗಿಟ್ಟು, ಎರಗುವ ಹದ್ದುಗಳನ್ನು ಅಟ್ಟುತ್ತ ಕುಳಿತ ಅಬ್ರಹಾಮನು ಹೊತ್ತು ಮುಳುಗುವಾಗ ಗಾಢನಿದ್ರೆಗೆ ಸಂದಿರಲು, ಹೊಗೆಯಾಡುವ ಒಲೆಯೂ ಉರಿಯುವ ಪಂಜೂ ದೇವರ ಗುರುತುಗಳಾಗಿ ಆ ಹೋಳುಗಳ ನಡುವೆ ಹಾದುಹೋದುವು. ಮಾತಿಗೆ ತಪ್ಪಿದರೆ ಈ ಪಶುಗಳ ಗತಿಯೇ ತನಗಾಗಲೆಂದು ನಡುವೆ ಹಾಯುವವನು ಒಪ್ಪಿಕೊಳ್ಳುವುದು ಆ ಕಾಲದ ರೂಢಿ. ನಮ್ಮ ಶಾಸನಗಳಲ್ಲಿ ಶಾಪವು ಅಳುಪುವವನ ಪಾಲಿನದು. ಇಲ್ಲಾದರೋ ಮಾತು ಕೊಟ್ಟ ದೇವರೇ ಅದನ್ನು ತನ್ನ ಮೇಲೆ ಎಳೆದುಕೊಂಡಿದ್ದಾನೆ, ಪಡೆದವನಿಗೆ ಎಚ್ಚರವೂ ಇಲ್ಲ. ಒಡಂಬಡಿಕೆಯ ಜೀವಾಳವು ಸೀನಾಯಿಯ ವಿಧಿಗಳಿಗಿಂತ ಮಿಗಿಲಾಗಿ ಈ ಸಂಜೆಯಲ್ಲಿದೆಯೆಂದು ನಮ್ಮ ಎಣಿಕೆ. ಕ್ರಿಸ್ತಪೂರ್ವ 6ನೆಯ ಶತಮಾನದಲ್ಲಿ ಯೆರೂಸಲೇಮು ಬಾಬಿಲೋನಿನವರ ಕೈಯಲ್ಲಿ ಹಾಳಾದ ಮೇಲೂ ಇಸ್ರಾಯೇಲ್ ಜನರು ವಾಗ್ದಾನವನ್ನು ಬಿಡದೆ, ಹೃದಯದಲ್ಲೇ ಬರೆಯಲ್ಪಡುವ ಹೊಸ ಒಡಂಬಡಿಕೆಯೊಂದನ್ನು ನಿರೀಕ್ಷಿಸಿದ್ದಕ್ಕೆ ಬೇರೆ ಕಾರಣವನ್ನು ಕಾಣುವುದು ಕಷ್ಟ.

ಈ ಎರಡು ಬಗೆಯ ಬರಹಗಳೂ ಕನ್ನಡನಾಡಿನಲ್ಲಿ ಒಂದೇ ಮನೆತನದ ಆರೈಕೆಯನ್ನು ಪಡೆದುದು ಸ್ವಾರಸ್ಯಕರವಾಗಿದೆ. ಬೆಂಗಳೂರಿನ ಲಂಡನ್ ಮಿಷನ್ನಿನ ಬೆಂಜಮಿನ್ ರೈಸ್ ಕನ್ನಡ ಬೈಬಲಿನ ಪರಿಷ್ಕರಣೆಯಲ್ಲಿ ದುಡಿದವರು. ಅವರ ಮಗ ಬಿ. ಎಲ್. ರೈಸ್ ತುಮಕೂರು ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯ ಕರ್ನಾಟಿಕದ 12ನೆಯ ಸಂಪುಟವಾಗಿ 1904ರಲ್ಲಿ ಹೊರತಂದರು. ಅದೇ ಜಿಲ್ಲೆಯ ಗುಬ್ಬಿ, ತುಮಕೂರುಗಳಲ್ಲಿ ಬೈಬಲನ್ನು ಬೋಧಿಸಿದ ವೆಸ್ಲಿಯನ್ ಮಿಷನ್ 19ನೆಯ ಶತಮಾನದಲ್ಲಿ ನೆಲೆಯೂರಿತು. ಅದರ ಸಭೆಗಳು 1947ರಲ್ಲಿ ದಕ್ಷಿಣ ಭಾರತ ಸಭೆಯೊಳಗೆ ಕೂಡಿಕೊಂಡುವು. ಕನ್ನಡದಲ್ಲೇ ಕ್ರೈಸ್ತ ವೇದಾಧ್ಯಯನ ನಡೆಸುತ್ತಿದ್ದ ತುಮಕೂರಿನ ಯೂನಿಯನ್ ಕೆನರೀಸ್ ಸೆಮಿನರಿಯು 1965ರಲ್ಲಿ ಮಂಗಳೂರಿನ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿನಲ್ಲಿ ವಿಲೀನವಾಯಿತು.